ಸರ್ವರ್ ಕೋಣೆಯ ಶಿವಪುತ್ರ

ಆ ಕಾಲದಲ್ಲಿ ಕಂಪನಿಗಳ ಸರ್ವರ್‌ಗಳನ್ನು ತೀರಿಕೊಂಡ ನೌಕರರ ಮನಸ್ಸುಗಳೇ ನಡೆಸುತ್ತಿದ್ದವು. ಹುಬ್ಬಳ್ಳಿಯ ಕಾರ್ಖಾನೆಯೊಂದರ ಸರ್ವರ್ ಶಿವಪುತ್ರ. ಬಿರುಕುಬಿಟ್ಟ ಬಾಯ್ಲರ್ ನಿಲ್ಲಿಸಲು ಮ್ಯಾನೇಜರ್ ಹಂಚಿನಾಳರು ಒಪ್ಪದೆ, ಅದು ಸಿಡಿದು ಸತ್ತವನು. ಈಗ ಹಂಚಿನಾಳರ ಒಂದು ಆದೇಶವನ್ನೂ ಅವನು ಮುಂದೆ ಬಿಡುತ್ತಿರಲಿಲ್ಲ. ಯಂತ್ರಗಳು ನಿಂತಿದ್ದವು, ಮಾಲೀಕರು ಹಂಚಿನಾಳರನ್ನು ಕಿತ್ತುಹಾಕುವುದರಲ್ಲಿದ್ದರು.

ಶಿವಪುತ್ರ ಮಾತಾಡುತ್ತಿದ್ದುದು ಹೆಂಡತಿ ಕಸ್ತೂರಿಯ ಜೊತೆ ಮಾತ್ರ. ಹಂಚಿನಾಳರು ಅವಳನ್ನು ಕರೆಸಿ ಕೈಮುಗಿದರು.

"ತಪ್ಪಾತ್ರಿ ಅಕ್ಕಾರ. ನೀವರ ಒಂದ್ ಮಾತು ಹೇಳ್ರಿ."

ಕಸ್ತೂರಿ ಸರ್ವರ್ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡಳು.

"ಪಾಪ, ಭಾಳ ಹೆದರ್ಯಾರ," ಎಂದಿತು ಗಂಡನ ದನಿ. "ನನಗೂ ಸಾಕಾಗೇತಿ. ಬಿಟ್ಟುಬಿಡ್ಲೇನು?"

"ಬ್ಯಾಡ್ರಿ. ನಿಮ್ಮ ಸಿಟ್ಟು ಇಳದಿರಬೇಕು, ನಂದು ಇಳದಿಲ್ಲ."

ಕಣ್ಣೊರೆಸಿಕೊಂಡು ಅವಳು ಹೊರಬಂದಳು. ಹಂಚಿನಾಳರು ಆಸೆಯಿಂದ ಎದ್ದುನಿಂತರು.

"ಕಾಲು ಹಿಡದು ಕೇಳಿದ್ನಿ, ಸಾಹೇಬ್ರ," ಎಂದಳು. "ಅವರು ಒಪ್ಪವಲ್ರು."