ಫಿಂಟನ್‌ನ ಸುತ್ತುದಾರಿ

ಕೊನೆಯ ಬಕೆಟ್ ಮಣ್ಣು ಬಿದ್ದದ್ದೇ ಕಾಲುವೆಯ ನೀರು ಹರಿಯುವುದನ್ನು ನಿಲ್ಲಿಸಿತು. ಈಗ ಅದನ್ನು ಮುಚ್ಚಿದವನೂ, ಆಫಲಿ ಸೀಮೆಯ ಆ ಜೌಗು ನೆಲವನ್ನು ಒಣಗಿಸಿ ಉರುವಲು ಮಣ್ಣು ತೆಗೆಯಲೆಂದು, ಮೂವತ್ತು ವರ್ಷದ ಹಿಂದೆ ಕಾಲುವೆ ತೋಡಿದವನೂ ಫಿಂಟನ್‌ನೇ.

"ನಾನು ಮಾಡಿದ್ದನ್ನ ನನ್ನ ಕೈಲೇ ಹಾಳು ಮಾಡಿಸಿದೆಯಲ್ಲೇ ಡಿಂಪ್ನಾ," ಎಂದು ಮಣ್ಣು ಅಗೆಯುವ ಯಂತ್ರದ ಕಿಟಕಿಯಿಂದ ಗೊಣಗಿದ.

ಜೌಗು ಕಾಯುವ ಕೆಲಸಕ್ಕೆ ಸೇರಿದ್ದ ನೆರೆಮನೆಯ ಡಿಂಪ್ನಾ ದಡದ ಕೆಸರಿಗೆ ಹಸಿರು ಪಾಚಿ ಒತ್ತಿ ನೆಡುತ್ತಿದ್ದಳು. "ಹಾಳಲ್ಲ ಕಣೋ. ನೀರು ನಿಂತ್ರೆ ಈ ಪಾಚಿ ಮತ್ತೆ ಬೆಳೆಯುತ್ತೆ. ನೀರಡೀಲಿ ಗಾಳಿ ಸಿಗದೆ ಸತ್ತ ಗಿಡ ಪೂರ್ತಿ ಕೊಳೆಯಲ್ಲ. ಒಂದರ ಮೇಲೊಂದು ಕೂತು ನೀನು ಒಲೆಗೆ ಹಾಕೋ ಮಣ್ಣಾಗುತ್ತೆ. ಅದರ ಮೇಲೆ ಕಲ್ಲುಮಣ್ಣು ಬಿದ್ದು ಅದುಮ್ತಾ ಹೋದ್ರೆ ಕಲ್ಲಿದ್ದಲು."

"ಎಷ್ಟು ದಿನಕ್ಕೆ?"

"ಕೆಲವು ಕೋಟಿ ವರ್ಷಕ್ಕೆ."

"ಸರಿಹೋಯ್ತು! ಅಷ್ಟರಲ್ಲಿ ನನ್ನ ಟೀ ಆರಿಹೋಗುತ್ತೆ."

ಮನೆಗೆ ಹತ್ತಿರದ ದಾರಿ ಆ ಪಾಚಿಯ ಮೇಲೇ ಇತ್ತು. ಇಷ್ಟು ವರ್ಷ ಅವನು ಯಂತ್ರ ಓಡಿಸಿದ್ದೂ ಅಲ್ಲೇ. ಯಂತ್ರ ಗುಡುಗುತ್ತ ಮುಂದೆ ಬಂತು. ಡಿಂಪ್ನಾ ಕೆಸರುಗೈಯನ್ನು ಅಡ್ಡ ಹಿಡಿಯುವ ಮೊದಲೇ ನಿಂತಿತು. ಹಿಂದೆ ಸರಿದು, ಅರ್ಧ ಗಂಟೆಯ ಸುತ್ತುದಾರಿಯತ್ತ ತಿರುಗಿತು.

"ಟೀ ಆರಿಹೋಗುತ್ತಲ್ಲೋ!" ಅವಳು ಕೂಗಿದಳು.

"ಆರ್ಲಿ ಬಿಡೇ," ಎಂದ ಫಿಂಟನ್. "ಪಾಪ, ಕೋಟಿ ವರ್ಷ ಕಾಯೋ ಪಾಚೀನ ಮೊದಲ್ನೇ ದಿನಾನೇ ತುಳಿದ್ರೆ ಹೇಗೆ?"