ಸೆನ್ಸಾರಿಗೆ ಹಚ್ಚಿದ ವಿಭೂತಿ

ಹಳೇ ಕಾರು ಕೊಂಡು ಮಾರುವವಳಾಗಿ ಎಲ್ಲರಿಗೂ ಹೇಳುತ್ತೇನೆ, ಎಂಜಿನ್ನಿನ ಹೊಗೆ ನೋಡಿ ಪೆಟ್ರೋಲಿನ ಅಳತೆ ಹೇಳುವ ಹೊಸ ಆಕ್ಸಿಜನ್ ಸೆನ್ಸಾರಿನ ಮೂತಿಗೆ ಏನೂ ತಾಗಿಸಬೇಡಿ, ಪೂಜೆಯನ್ನು ಬಾನೆಟ್ಟಿಗೆ ಮಾಡಿ; ಹರಳೆಣ್ಣೆ ಸುಟ್ಟ ವಾಸನೆ ಬಂದರೆ ಮಾತ್ರ ಈಗಲೂ ಎದ್ದು ಹೊರಗೆ ಹೋಗುತ್ತೇನೆ.

ನಾನು ಚಿಕ್ಕವಳಿದ್ದಾಗ ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟಕ್ಕೆ ಬಾಡಿಗೆ ಹೊಡೆಯುತ್ತಿದ್ದ ಅಪ್ಪನ ಕಾರು ವಿಪರೀತ ಪೆಟ್ರೋಲ್ ಕುಡಿಯುತ್ತಿತ್ತು, ಎಂಜಿನ್ ಕೆಟ್ಟಿದೆ ಎನ್ನುವ ದೀಪವೂ ಆರುತ್ತಿರಲಿಲ್ಲ. ಅಪ್ಪ ಮೈಸೂರಿನಿಂದ ಸೆನ್ಸಾರ್ ತಂದು ತಾನೇ ಬದಲಿಸಲು ಕೂತ. ತುಕ್ಕು ಹಿಡಿದ ಹಳೆಯದು ಜಗ್ಗಲಿಲ್ಲ. ಸ್ಪ್ಯಾನರ್ ಸಿಕ್ಕಿಸಿ ಸುತ್ತಿಗೆಯಲ್ಲಿ ಬಡಿದು ಬಡಿದು ಬಿಚ್ಚುವಷ್ಟರಲ್ಲಿ ಬೆರಳಗಂಟು ಸುಲಿದು ರಕ್ತ ಸುರಿಯುತ್ತಿತ್ತು. ಅವನು ಕೈ ತೊಳೆಯಲು ಹೋದಾಗ ಅಜ್ಜಿ ಹೊಸ ಸೆನ್ಸಾರಿನ ಮೂತಿಗೆ ಹರಳೆಣ್ಣೆ ಸವರಿ ವಿಭೂತಿ ಮೆತ್ತಿದಳು. ಕೋಪದ ಭರದಲ್ಲಿ ಅಪ್ಪ ನೋಡದೆ ಕೂರಿಸಿದ.

ಸ್ಟಾರ್ಟ್ ಮಾಡಿದರೆ ಸುಟ್ಟೆಣ್ಣೆಯ ಹೊಗೆ, ಮತ್ತೆ ಅದೇ ಎಂಜಿನ್ ದೀಪ. ಬಿಚ್ಚಿ ನೋಡಿದ, ಮೂತಿ ಕರಕಲಾಗಿತ್ತು.

"ಯಾರು ಎಣ್ಣೆ ಹಚ್ದೋರು?"

"ನಾನೇ ಕಣ್ಲಾ. ಮಾದಪ್ಪ ಕಾಯ್ಲಿ ಅಂತ."

"ನನ್ನ ಅನ್ನಕ್ಕೆ ಮಣ್ಣಾಕ್ಬುಟ್ಯಲ್ಲೇ ಮುದ್ಕಿ!"

ಅಪ್ಪ ಸ್ಪ್ಯಾನರ್ ಎತ್ತಿದ. ಅಡ್ಡ ಬಂದ ಅವ್ವನನ್ನು ನೂಕಿದ ರಭಸಕ್ಕೆ ಅವಳ ಹಣೆ ಗೋಡೆಗೆ ಬಡಿಯಿತು. ನಾನು ಅಜ್ಜಿಯ ಬೆನ್ನ ಹಿಂದೆ ಅವಳ ಸೀರೆ ಹಿಡಿದು ನಿಂತಿದ್ದೆ. ಅಜ್ಜಿ ಕದಲಲಿಲ್ಲ.

"ಒಡಿಯಪ್ಪಾ, ಒಡಿ. ನಿಮ್ಮಪ್ಪನೂ ಇಂಗೇ ಎತ್ಕಂಡು ಬರೋನು. ಆಗ ಇಂಗೇ ನನ್ನ ಸೀರೆ ಇಡ್ಕಂಡು ನಿಂತಿದ್ದೋನು ನೀನೇ ಕಣ್ಲಾ."

ಅಪ್ಪ ನನ್ನನ್ನು ನೋಡಿದ. ಸ್ಪ್ಯಾನರ್ ಎತ್ತಿದ ಕೈ ಪಕ್ಕಕ್ಕೆ ತಿರುಗಿತು. ಕಾರಿನ ಬಾಗಿಲ ಗಾಜು ಪುಡಿಯಾಗಿ ನಮ್ಮೆಲ್ಲರ ಕಾಲ ಬಳಿ ಸುರಿಯಿತು.