ಅಟ್ಟದ ಹಲ್ಲಿ

“ನಮ್ಮ ಹುಡುಗ ಅಪ್ಪಟ ಬಂಗಾರ ಕಣ್ರಿ” ಎಂದು ದುರುಗಕ್ಕ ಹೇಳುವುದಕ್ಕೂ ಅಟ್ಟದ ಮೇಲೆ “ಲೊಚ್ ಲೊಚ್” ಎನ್ನುವುದಕ್ಕೂ ಸರಿಹೋಯಿತು. ಹಲ್ಲಿ ನುಡಿದರೆ ಆಡಿದ ಮಾತು ಸತ್ಯವೆಂದೇ ಲೆಕ್ಕ. ದುರುಗಕ್ಕ ಬೆರಳಿನಿಂದ ನೆಲ ಬಡಿದು “ಕೃಷ್ಣ ಕೃಷ್ಣ” ಎಂದಳು. ವರನ ಮನೆ ನೋಡಲು ಹೊನ್ನಾಳಿಯಿಂದ ಸೊಕ್ಕೆಗೆ ಬಂದಿದ್ದ ಮಲ್ಲೇಶಪ್ಪನವರೂ ಬಡಿದರು.

ಅದು ಹಲ್ಲಿಯಲ್ಲ ಎಂಬುದು ಗೊತ್ತಿದ್ದದ್ದು ಮಗ ತಿಪ್ಪೇಶನೊಬ್ಬನಿಗೆ. ಫೋನಿನಲ್ಲಿ ವಿಡಿಯೊ ನೋಡಿ ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ಹತ್ತಿಸಿಕೊಂಡಿದ್ದ. ಬಾರ್ಲಿ ಸಿಗದೆ ರಾಗಿಯನ್ನೇ ಮೊಳಕೆ ಬರಿಸಿ, ಒಣಗಿಸಿ, ಕುದಿಸಿ, ಬೇಕರಿಯ ಈಸ್ಟ್ ಬೆರೆಸಿ, ಅವ್ವ ತವರಿಗೆ ಹೋಗಿದ್ದಾಗ ಕ್ಯಾನಿಗೆ ತುಂಬಿ ಅಟ್ಟಕ್ಕೇರಿಸಿದ್ದ. ಒಳಗಿನ ಗಾಳಿ ಹೊರಹೋಗಲೆಂದು ಮುಚ್ಚಳಕ್ಕೆ ಸಣ್ಣ ಡ್ರಿಪ್ ಪೈಪು ಸಿಕ್ಕಿಸಿ, ಅದರ ತುದಿಯನ್ನು ನೀರಿನ ಚೊಂಬಿನಲ್ಲಿ ಮುಳುಗಿಸಿದ್ದ. ಕ್ಯಾನು ಉಸಿರು ಬಿಟ್ಟಾಗೆಲ್ಲ ಚೊಂಬು ಲೊಚಗುಟ್ಟುತ್ತಿತ್ತು.

ಮಲ್ಲೇಶಪ್ಪನವರು ಹುಡುಗಿ ಮಮತಾಳ ದೊಡ್ಡಪ್ಪ. ಕುಡಿಯುವವನೆಂಬ ಸುಳಿವು ಸಿಕ್ಕರೆ ಸಾಕು, ನೀರು ಕೂಡ ಮುಟ್ಟದೆ ಎದ್ದು ಹೋಗುವ ಆಸಾಮಿ. ಅವರು ಹೂಂ ಎನ್ನದೆ ಈ ಮದುವೆಯಿಲ್ಲ ಎಂದು ಮಮತಾ ಮೊದಲೇ ಹೇಳಿದ್ದಳು. ಕಾಲೇಜಿನ ದಿನಗಳಿಂದಲೂ ಅವಳನ್ನೇ ನೆನೆದುಕೊಂಡು ಬಂದಿದ್ದ ತಿಪ್ಪೇಶ ಕೂತಲ್ಲೇ ಬೆವರಿದ.

ದುರುಗಕ್ಕನಿಗೆ ಹುರುಪೇರಿತು. ಸೊಸೆಯನ್ನು ಮಗಳ ಹಾಗೆ ನೋಡಿಕೊಳ್ಳುತ್ತೇನೆಂದಳು, ಲೊಚ್. ನಮ್ಮ ಬೋರಿನಲ್ಲಿ ಬೇಸಿಗೆಯಲ್ಲೂ ನೀರು ಬತ್ತುವುದಿಲ್ಲವೆಂದಳು, ಅದಕ್ಕೂ ಲೊಚ್. ಆ ಬೋರು ಹೋದ ವರ್ಷವೇ ಕೈಕೊಟ್ಟಿತ್ತು.

“ಅದೆಲ್ಲಾ ಇರ್ಲಿ ಅಕ್ಕಾರೆ, ಹುಡುಗ ಕುಡೀತಾನಾ?” ಎಂದರು ಮಲ್ಲೇಶಪ್ಪ.

“ಒಂದು ಹನಿ ಮುಟ್ಟಿದೋನಲ್ಲ. ಬೇಕಾದ್ರೆ ಹಲ್ಲೀನೇ ಹೇಳ್ತೈತೆ ನೋಡ್ರಿ.”

ಮೂವರೂ ತಲೆಯೆತ್ತಿದರು. ಅಟ್ಟ ಗಪ್‌ಚುಪ್. ರಾಗಿಯ ಹೊಟ್ಟು ಪೈಪಿಗೆ ಸಿಕ್ಕಿಕೊಂಡಿತ್ತೋ ಏನೋ. ಒಂದೇ ಒಂದು ಗುಳ್ಳೆ ಬಿಡಿಸು ತಾಯೀ ಎಂದು ತಿಪ್ಪೇಶ ಉಚ್ಚಂಗೆಮ್ಮನಿಗೆ ಒಳಗೊಳಗೇ ಹರಕೆ ಹೊತ್ತ. ದುರುಗಕ್ಕ, ಮೆಣಸಿನಕಾಯಿ ಬಜ್ಜಿ ಆರಿಹೋಗುತ್ತವೆಂದು ನೆಪ ಹೇಳಿ ಅಡುಗೆಮನೆಗೆ ಎದ್ದು ಹೋದಳು.

ಅವಳು ಅತ್ತ ಹೋಗುತ್ತಲೇ ಇತ್ತ ಮೇಲೆ “ಪುಸ್” ಎಂದಿತು. ಹಲಗೆಯ ಸಂದಿನಿಂದ ನೊರೆ ಇಳಿದು ಮಲ್ಲೇಶಪ್ಪನವರ ಬೋಳು ನೆತ್ತಿಗೇ ಬಿತ್ತು. ಅವರು ಅದನ್ನು ಬೆರಳಿನಿಂದ ಒರೆಸಿ ಮೂಸಿದರು. ಅಟ್ಟ ನೋಡಿದರು, ತಿಪ್ಪೇಶನನ್ನು ನೋಡಿದರು. ಮಮತಾ ಕೈತಪ್ಪಿದಳೆಂದು ಅವನ ಕಣ್ಣು ತುಂಬಿ ಬಂತು.

“ಯಾವಾಗ ಹಾಕಿದ್ದು?”

“ಸೋಮವಾರ ರೀ.”

ಮಲ್ಲೇಶಪ್ಪ ಅಡುಗೆಮನೆಯ ಕಡೆ ಒಮ್ಮೆ ತಿರುಗಿ ನೋಡಿ, ಬೆರಳನ್ನು ನಾಲಿಗೆಗೆ ಮುಟ್ಟಿಸಿ ಕಣ್ಣು ಮುಚ್ಚಿದರು. ಆಮೇಲೆ ದನಿ ತಗ್ಗಿಸಿ, “ಇನ್ನೂ ಎಳೇದೈತೆ. ಇನ್ನೊಂದು ವಾರ ಬಿಡ್ರಿ, ಅಳಿಯಂದ್ರೇ” ಎಂದರು.

ಮಂಡಕ್ಕಿ, ಮೆಣಸಿನಕಾಯಿ ಹಿಡಿದು ಬಂದ ದುರುಗಕ್ಕ ಹೆದರುತ್ತಲೇ ಕೇಳಿದಳು: “ಹಲ್ಲಿ ಏನಾರ ನುಡೀತಾ ಅಣ್ಣಾರೆ?”

“ನುಡೀತು ಅಕ್ಕಾರೆ. ಮಾತು ಮುಗಿಸಾಕೆ ಮುಂದಿನ ವಾರ ನಾನೊಬ್ನೇ ಬರ್ತೀನಿ” ಎಂದು ಮಲ್ಲೇಶಪ್ಪ, ಒದ್ದೆ ಬೆರಳಿನಿಂದಲೇ ನೆಲ ಬಡಿದರು.

“ಕೃಷ್ಣ ಕೃಷ್ಣ.”